ರೊಟ್ಟಿಗೆ ಸಕ್ಕರೆ ಯಾಕಿಲ್ಲ?

ಪರಮಪ್ರಸಾದದ ರೊಟ್ಟಿ ಯಾಕೆ ಸಪ್ಪೆ, ಹಬ್ಬದ ದಿನವಾದರೂ ಚಿಟಿಕೆ ಸಕ್ಕರೆ ಸೇರಿಸಬಾರದೇ ಎಂದು ಧರ್ಮೋಪದೇಶ ತರಗತಿಯ ಮಕ್ಕಳು ಕೇಳುತ್ತಾರೆ. ಗದರಿಸಿ ಕೂರಿಸುವ ಪ್ರಶ್ನೆಯಲ್ಲ ಇದು. ಉತ್ತರಕ್ಕಾಗಿ ಧರ್ಮಸಭೆಯ ಹಳೆಯ ಭಾಷೆಯ ಅಡುಗೆಮನೆಗೆ ಹೋಗೋಣ. ಕನ್ನಡ, ತಮಿಳು, ತೆಲುಗು ಎಂದು ಪೂಜೆಯ ವೇಳೆ ಹಂಚಿಕೊಂಡಿರುವ ನಮಗೆ ಲ್ಯಾಟಿನ್ ಯಾರ ಮನೆಮಾತೂ ಅಲ್ಲ, ಹಾಗಾಗಿ ಜಗಳವೂ ಇಲ್ಲ.

ರೋಮಿನಲ್ಲಿ ಸಿಹಿತಿಂಡಿ ಮಾಡುವವನು 'ದುಲ್ಚಿಯಾರಿಯುಸ್'. 'ದುಲ್ಚಿಸ್' ಎಂದರೆ ಸಿಹಿ. ಅವನಿಗೆ ಸಿಹಿಯೆಂದರೆ ಮುಖ್ಯವಾಗಿ ಜೇನು. ಸಕ್ಕರೆ ಔಷಧಿಗಷ್ಟೇ ಎಂದು 1ನೇ ಶತಮಾನದ ಪ್ಲಿನಿ ಬರೆದಿದ್ದಾನೆ. 'ಸಿಮಿಲಾ' ಎಂದರೆ ನಯವಾದ ಗೋಧಿಹಿಟ್ಟು. ರವೆಯ ಪೊಟ್ಟಣದ ಮೇಲಿನ 'ಸೆಮೊಲಿನಾ' ಅದರ ಮೊಮ್ಮಗಳು. ಲ್ಯಾಟಿನ್ ಬೈಬಲಿನಲ್ಲಿ ಮನ್ನದ ರುಚಿ ಜೇನು ಬೆರೆಸಿದ ಸಿಮಿಲಾದಂತೆ (ವಿಮೋಚನಾಕಾಂಡ 16:31).

ನಮಗೆ ಹೆಚ್ಚು ಇಷ್ಟವಾದ ಪದ 'ಕ್ರುಸ್ತುಲಾ', ಅಂದರೆ ಚಿಕ್ಕ ಬಿಲ್ಲೆಯಂಥ ತಿಂಡಿ. ಯಾಜಕರ ಅಭಿಷೇಕಕ್ಕೆ ಬೇಕಾದ, ಎಣ್ಣೆ ಬೆರೆಸಿದ ಹುಳಿಯಿಲ್ಲದ ರೊಟ್ಟಿಗೆ ಸಂತ ಜೆರೋಮರು ಬಳಸಿದ್ದು ಇದನ್ನೇ (ವಿಮೋಚನಾಕಾಂಡ 29:2). ಪಾಕಾತುಲಾ ಎಂಬ ಪುಟ್ಟ ಹುಡುಗಿಯನ್ನು ಬೆಳೆಸುವ ಬಗೆಗಿನ ಪತ್ರದಲ್ಲಿ, ಪಾಠ ಒಪ್ಪಿಸಿದರೆ ಕ್ರುಸ್ತುಲಾ ಕೊಡಿ ಎಂದವರೂ ಅವರೇ. ಸಿಡುಕಿನ ತಪಸ್ವಿ ಎಂದು ಹೆಸರಾದ ಸಂತರು! ತರಗತಿಗೆ ಮಿಠಾಯಿ ತರುವ ಉಪದೇಶಕಿಯರು ಇನ್ನು ಧೈರ್ಯವಾಗಿರಬಹುದು.

ಬಲಿಪೀಠದ ಮಾತು ಬೇರೆ. ಹೋಮದ ನೈವೇದ್ಯದಲ್ಲಿ ಹುಳಿಯೂ ಜೇನೂ ಕೂಡದು ಎನ್ನುತ್ತದೆ ಯಾಜಕಕಾಂಡ (2:11). ಕಡೆಯ ಭೋಜನದಲ್ಲಿ ಪ್ರಭು ಕೈಗೆತ್ತಿಕೊಂಡದ್ದು ಕಜ್ಜಾಯವಲ್ಲ, ರೊಟ್ಟಿ. ಆದ್ದರಿಂದಲೇ ಧರ್ಮಸಭೆಯ ಕಾನೂನು (ನಿಯಮ 924) ಅಪ್ಪಟ ಗೋಧಿಯನ್ನೇ ಕೇಳುತ್ತದೆ. ಹಣ್ಣು, ಸಕ್ಕರೆ, ಜೇನು ಬೆರೆಸುವುದು ಗಂಭೀರ ತಪ್ಪು ಎಂದು 2004ರ ರೋಮಿನ ಸೂಚನಾಪತ್ರ ಬಿಡಿಸಿ ಹೇಳಿದೆ.

ಮಜಾ ಎಂದರೆ, ಅಂಗಡಿ ಬೋರ್ಡಿನ 'ಕನ್ಫೆಕ್ಷನರಿ'ಯ ಮೂಲ 'ಕೊನ್ಫಿಚೆರೆ' ಎಂಬ ಕ್ರಿಯಾಪದ: ಕೂಡಿಸಿ ಸಿದ್ಧಮಾಡು, ಪೂರ್ಣಗೊಳಿಸು. ಯಾಜಕರು ಪರಮಪ್ರಸಾದ ಸಂಸ್ಕಾರವನ್ನು ನೆರವೇರಿಸುತ್ತಾರೆ ಎನ್ನುವಾಗಲೂ ಕಾನೂನಿನಲ್ಲಿ (ನಿಯಮ 900) ಅದೇ ಪದ. ಮಿಠಾಯಿಯವನು ಪಾಕ ಕೂಡಿಸುತ್ತಾನೆ. ಇಲ್ಲಿ ಗೋಧಿ, ನೀರು, ಪ್ರಭುವಿನ ಮಾತು.

ಗೋಧಿಯ ಗ್ಲುಟೆನ್ ಒಗ್ಗದವರು ನಮ್ಮಲ್ಲಿದ್ದರೆ ಸಂಕೋಚಪಟ್ಟು ಹಿಂದಿನ ಬೆಂಚಿನಲ್ಲೇ ಉಳಿಯಬೇಡಿ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು, ಅತ್ಯಲ್ಪ ಇರುವುದು ಸಲ್ಲುತ್ತದೆ. ದ್ರಾಕ್ಷಾರಸದ ರೂಪದಲ್ಲಷ್ಟೇ ಸ್ವೀಕರಿಸಲೂ ದಾರಿಯಿದೆ. ಗುರುಗಳಿಗೆ ಮೊದಲೇ ಒಂದು ಮಾತು ಹೇಳಿ.