ರಾಶಿಗೆ ಕೈಹಾಕುವ ಮುನ್ನ

ಪುಟ್ಟಿ, ಹಳೇ ಸಾಮಾನಿನ ಹುಚ್ಚು ನಿನಗೂ ಹತ್ತಿದೆಯೆಂದು ನಿನ್ನಮ್ಮ ಫೋನಿನಲ್ಲಿ ಗೊಣಗುತ್ತಿದ್ದಳು. ದೊಡ್ಡಪ್ಪನ ಗಾಳಿ ಬೀಸಿದೆ ಎಂಬುದು ಅವಳ ದೂರು. ಇರಲಿ, ದೂರು ಹೊತ್ತ ಮೇಲೆ ನಾಲ್ಕು ಮಾತು ಹೇಳುವ ಹಕ್ಕೂ ನನ್ನದೇ.

ಭಾನುವಾರ ಬೆಳಗ್ಗೆ ಚಿಕ್ಕಪೇಟೆಯಲ್ಲಿ ಮೆಟ್ರೊ ಇಳಿದು ಅವೆನ್ಯೂ ರಸ್ತೆ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ನಡೆದರೆ, ಬಾಗಿಲು ಹಾಕಿದ ಅಂಗಡಿಗಳ ಮುಂದೆ ಟಾರ್ಪಾಲು ಹಾಸಿ ಸ್ಪ್ಯಾನರಿನಿಂದ ಹಿಡಿದು ಮಿಕ್ಸಿಯವರೆಗೆ ಸುರಿದಿರುತ್ತಾರೆ. ಕೆಲವರು ಸಂಡೇ ಬಜಾರ್ ಎನ್ನುತ್ತಾರೆ, ಕೆಲವರು ಚೋರ್ ಬಜಾರ್. ಮೊದಲ ಸಲ ಹೋದವರಿಗೆಲ್ಲ ಒಂದೇ ಕಾಯಿಲೆ: ಎಲ್ಲವೂ ಅಗ್ಗ ಅನ್ನಿಸುತ್ತದೆ. ಚೀಲ ತುಂಬಿಸಿಕೊಂಡು ಬರುತ್ತಾರೆ, ತಿಂಗಳಾದ ಮೇಲೆ ಅದೇ ಚೀಲ ಮನೆ ಮುಂದೆ ಬರುವ ಹಳೇ ಪೇಪರಿನವನ ಪಾಲು. ಅದಕ್ಕೇ ಹೇಳುವುದು, ಏನಾದರೊಂದು ಸಿಗಲಿ ಎಂದು ಹೋಗಬೇಡ. ವಾಚೋ, ಪಾತ್ರೆಯೋ, ಪುಸ್ತಕವೋ, ಒಂದು ಜಾತಿಯ ವಸ್ತುವನ್ನು ಆರಿಸಿಕೊಂಡು ಅದರ ಒಳಹೊರಗು ಕಲಿ. ಆ ರಾಶಿಯಲ್ಲಿ ಒಳ್ಳೆಯ ವಸ್ತು ಇದ್ದೇ ಇರುತ್ತದೆ. ನಿನ್ನ ಕೈಗೆ ಅದರ ಗುರುತು ಹತ್ತಿರಬೇಕು, ಅಷ್ಟೇ.

ನಿನಗೆ ಎಚ್‌ಎಂಟಿ ವಾಚು ಬೇಕಂತಲ್ಲ, ಅದರಿಂದಲೇ ಶುರುಮಾಡೋಣ. ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆ ವಾಚುಗಳ ತಯಾರಿಕೆ ಶುರುವಾಯಿತು. ನಿಮ್ಮ ತಾತನ ಕಾಲದಲ್ಲಿ ಮದುವೆ ಗಂಡಿಗೆ ಕೊಡುತ್ತಿದ್ದದ್ದು ಅದೇ, ನೌಕರಿಯಿಂದ ನಿವೃತ್ತರಾದವರಿಗೆ ಕಟ್ಟುತ್ತಿದ್ದದ್ದೂ ಅದೇ. 2016ರಲ್ಲಿ ವಾಚಿನ ವಿಭಾಗವನ್ನು ಮುಚ್ಚುವ ತೀರ್ಮಾನವಾದ ಮೇಲೆ ಹಳೆಯವಕ್ಕೆ ಬೇಡಿಕೆ ಏರಿತು. ಬೇಡಿಕೆ ಏರಿದಲ್ಲಿ ಕಲಬೆರಕೆ ಬಾರದೆ ಇರುತ್ತದೆಯೆ?

ಜನತಾ ಎಂಬ ಮಾದರಿ ಗೊತ್ತಲ್ಲ, ಕೀ ಕೊಡುವ ವಾಚು, ಹದಿನೇಳು ಜ್ಯೂಯಲಿನದು. ಅದನ್ನು ಕೈಗೆ ತೆಗೆದುಕೊಂಡಾಗ ಮೊದಲು ನೋಡಬೇಕಾದದ್ದು ಡಯಲ್. ಜೇಬಿನಲ್ಲೊಂದು ಚಿಕ್ಕ ಭೂತಗನ್ನಡಿ ಇರಲಿ. ಕಾರ್ಖಾನೆಯ ಡಯಲಾದರೆ ಅಕ್ಷರದ ಅಂಚು ಕೂದಲೆಳೆಯಷ್ಟು ಚೂಪಾಗಿರುತ್ತದೆ, ನಿಮಿಷದ ಗೆರೆಗಳು ಅಂಕೆಯ ನೇರಕ್ಕೇ ಬಂದಿರುತ್ತವೆ. ರೀಡಯಲ್ ಮಾಡಿದ್ದರಲ್ಲಿ, ಅಂದರೆ ಹಳೇ ಡಯಲಿಗೆ ಹೊಸದಾಗಿ ಬಣ್ಣ ಬಳಿದು ಅಚ್ಚುಹಾಕಿದ್ದರಲ್ಲಿ, ಅಕ್ಷರ ಕೊಂಚ ಊದಿಕೊಂಡಿರುತ್ತದೆ, ಗೆರೆ ಅಲ್ಲಲ್ಲಿ ಜಾರಿರುತ್ತದೆ. ಮುಳ್ಳುಗಳ ಮೇಲಿನ ಬಣ್ಣ ಹಳದಿಗಟ್ಟಿ ಡಯಲ್ ಮಾತ್ರ ನಿನ್ನೆ ಸುಣ್ಣ ಬಳಿದ ಗೋಡೆಯ ಹಾಗೆ ಹೊಳೆಯುತ್ತಿದ್ದರೆ ಅವೆರಡೂ ಒಟ್ಟಿಗೆ ಹುಟ್ಟಿದ್ದಲ್ಲ. ಕಣ್ಣು ಕುಕ್ಕುವ ಕಿತ್ತಳೆ, ಗಿಣಿಹಸಿರು ಡಯಲುಗಳನ್ನು ‘ಅಪರೂಪದ ಪೀಸು’ ಎಂದು ತೋರಿಸುತ್ತಾರೆ. ಅವುಗಳಲ್ಲಿ ಬಹುಪಾಲು ಈಚೆಗೆ ಬಣ್ಣ ಬಳಿದವೇ. ನಿನಗೆ ಆ ಬಣ್ಣ ಇಷ್ಟವಾದರೆ ಕಟ್ಟಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅಪರೂಪದ ಬೆಲೆ ಕೊಡಬೇಡ.

ಆಮೇಲೆ ಮೆಲ್ಲಗೆ ಕೀ ಕೊಡು. ತಿರುಗಿಸುತ್ತ ಹೋದಂತೆ ಬೆರಳಿಗೆ ಬಿಗಿ ಹತ್ತಬೇಕು. ಎಷ್ಟು ತಿರುಗಿಸಿದರೂ ಸಡಿಲವಾಗಿಯೇ ಇದ್ದರೆ ಸ್ಪ್ರಿಂಗ್ ಹೋಗಿದೆ. ಕಿವಿಗೆ ಹಿಡಿದು ಕೇಳು. ಸೆಕೆಂಡಿಗೆ ಐದು ಬಡಿತ, ಒಂದೇ ತೂಕದಲ್ಲಿ. ಕುಂಟುವ ಸದ್ದು ಬಂದರೆ ಒಳಗೆ ಕೆಲಸವಿದೆ. ಕೇಸಿನ ಅಂಚಿನಲ್ಲಿ, ಬೆಲ್ಟು ಸಿಕ್ಕಿಸುವ ಕಡೆ, ಬಿಳಿ ಲೇಪ ಸವೆದು ಹಳದಿ ಕಾಣುತ್ತಿದ್ದರೆ ಅದು ಉಕ್ಕಲ್ಲ, ಕ್ರೋಮ್ ಲೇಪದ ಹಿತ್ತಾಳೆ. ಅದೇನೂ ತಪ್ಪಲ್ಲ, ಬೆಲೆ ಮಾತಾಡುವಾಗ ನೆನಪಿಟ್ಟುಕೋ. ಹಾಗೆಯೇ, ಕೊಂಡ ಬೆಲೆಗಿಂತ ಸರ್ವಿಸಿಗೆ ಹೆಚ್ಚು ಬೀಳಬಹುದು. ವರ್ಷಗಟ್ಟಲೆ ಎಣ್ಣೆ ಕಾಣದ ವಾಚನ್ನು ದಿನಾ ಓಡಿಸಿದರೆ ಹಲ್ಲುಗಳು ಸವೆದುಹೋಗುತ್ತವೆ. ಕೀ ಕೊಡುವ ವಾಚು ಬಿಚ್ಚಬಲ್ಲ ಹಳೇ ಕೈಯ ರಿಪೇರಿಯವರು ಈಗ ಕಡಿಮೆ. ಮೊದಲು ಅಂಥವರೊಬ್ಬರನ್ನು ಹುಡುಕಿಟ್ಟುಕೊಂಡು ಆಮೇಲೆ ವಾಚು ಹುಡುಕು.

ಪಾತ್ರೆಯ ವಿಷಯದಲ್ಲಿ ನಿನ್ನ ದೊಡ್ಡಮ್ಮನನ್ನು ಕೇಳಬೇಕು, ಆದರೆ ನಾನು ತಂದಿಟ್ಟಿರುವ ಹಂಡೆಗಳ ನೆನಪಾದರೆ ಅವಳು ಬೇರೆಯದನ್ನೇ ಹೇಳಿಯಾಳು. ಕಂಚೋ ಹಿತ್ತಾಳೆಯೋ ಎಂದು ಅನುಮಾನ ಬಂದರೆ ಬೆರಳಿನ ಗೆಣ್ಣಿನಿಂದ ಬಡಿ: ಕಂಚು ಗಂಟೆಯಂತೆ ಎಳೆದು ಮೊಳಗುತ್ತದೆ, ಹಿತ್ತಾಳೆ ಬೇಗ ಸುಮ್ಮನಾಗುತ್ತದೆ. ಆಯಸ್ಕಾಂತ ಹಿಡಿ, ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಬರೀ ಲೇಪ. ಹಸಿರು ಕಿಲುಬು ಕಂಡು ಹೆದರಬೇಡ, ಹುಣಸೆಹಣ್ಣು ಹಾಕಿ ಉಜ್ಜಿದರೆ ಹೋಗುತ್ತದೆ. ಆದರೆ ಹಿತ್ತಾಳೆ, ತಾಮ್ರದಲ್ಲಿ ಅಡುಗೆ ಮಾಡುವುದಿದ್ದರೆ ಒಳಗೆ ಕಲಾಯಿ ಹಾಕಿಸಲೇಬೇಕು. ಇಲ್ಲದಿದ್ದರೆ ಸಾರು, ಮೊಸರಿನ ಹುಳಿಗೆ ಲೋಹ ಬಿಟ್ಟುಕೊಂಡು ಹೊಟ್ಟೆ ಕೆಡುತ್ತದೆ. ಕಲಾಯಿ ಎಂದರೆ ತವರ. 232 ಡಿಗ್ರಿಗೆ ಅದು ಕರಗುತ್ತದೆ, ಆದ್ದರಿಂದ ಬರಿದಾದ ಪಾತ್ರೆಯನ್ನು ಉರಿಯ ಮೇಲೆ ಮರೆತು ಫೋನು ಹಿಡಿದು ಕೂರಬೇಡ.

ಹಳೇ ಪಾತ್ರೆ ಸಿಕ್ಕಾಗ ಅಂಚನ್ನೊಮ್ಮೆ ಬೆಳಕಿಗೆ ತಿರುಗಿಸಿ ನೋಡು. ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತಾರೆ: ಕೊಟ್ಟವರು ಯಾರು, ಯಾರ ಮದುವೆ, ಯಾವ ತಾರೀಖು. ಕೆಲವರು ಪಾಲಿಶ್ ಮಾಡಿಸುವಾಗ ಅದನ್ನೂ ತೀಡಿಸಿಬಿಡುತ್ತಾರೆ. ನನಗಂತೂ ಅದು ಸರಿಕಾಣುವುದಿಲ್ಲ.

ಪುಸ್ತಕ ನನ್ನ ಮೊದಲ ಹುಚ್ಚು, ಹಾಗಾಗಿ ಇಲ್ಲಿ ತುಸು ಹೆಚ್ಚೇ ಮಾತಾಡುತ್ತೇನೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಬಹುಪಾಲು ಪಠ್ಯಪುಸ್ತಕಗಳೇ. ಕಥೆ ಕಾದಂಬರಿ ಅವುಗಳ ಅಡಿಯಲ್ಲಿ ಹೂತಿರುತ್ತವೆ. ಬ್ರಿಗೇಡ್ ರಸ್ತೆಯ ಸಂದಿಯಲ್ಲಿ ಸೆಲೆಕ್ಟ್ ಪುಸ್ತಕದಂಗಡಿ ಇದೆ, ಕೆ.ಬಿ.ಕೆ. ರಾವ್ 1945ರಲ್ಲಿ ಶುರುಮಾಡಿದ್ದು. ಚರ್ಚ್ ಸ್ಟ್ರೀಟಿನಲ್ಲಿ ಬ್ಲಾಸಮ್, ಬುಕ್‌ವರ್ಮ್ ಇವೆ. ಅಲ್ಲಿ ಎಲ್ಲವೂ ಜೋಡಿಸಿಟ್ಟಿರುತ್ತದೆ, ಬೆಲೆಯೂ ಬರೆದಿರುತ್ತದೆ. ಕಲಿಯುವುದಕ್ಕೆ ಅಂಗಡಿ, ಹುಡುಕುವುದಕ್ಕೆ ಫುಟ್‌ಪಾತು.

ಕನ್ನಡ ಪುಸ್ತಕದ ವಯಸ್ಸು ತಿಳಿಯಲು ಮುದ್ರಣದ ವರ್ಷವಿರುವ ಹಾಳೆಯೇ ಬೇಕೆಂದಿಲ್ಲ. ಆ ಹಾಳೆ ಎಷ್ಟೋ ಸಲ ಹರಿದೇ ಹೋಗಿರುತ್ತದೆ. ಬೆಲೆ ನೋಡು. ರೂಪಾಯಿ ಆಣೆಯಲ್ಲಿದ್ದರೆ ಹೆಚ್ಚುಕಡಿಮೆ 1957ರ ಏಪ್ರಿಲಿಗಿಂತ ಹಿಂದಿನದು. ದಶಮಾಂಶ ನಾಣ್ಯ ಬಂದದ್ದು ಆಗ. ‘ನಯಾಪೈಸೆ’ ಎಂದಿದ್ದರೆ 1964ರೊಳಗಿನದು, ಆಮೇಲೆ ‘ನಯಾ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಪ್ರಕಾಶಕರ ವಿಳಾಸದಲ್ಲಿ ‘ಬೆಂಗಳೂರು-4’ ಎಂದಷ್ಟೇ ಇದ್ದರೆ ಹಳೆಯದಿರಬಹುದು. 560004 ಎಂದಿದ್ದರೆ 1972ರ ನಂತರದ್ದೇ, ಪಿನ್‌ಕೋಡ್ ಬಂದದ್ದು ಆ ವರ್ಷದ ಆಗಸ್ಟ್ 15ಕ್ಕೆ. ‘ಮೈಸೂರು ರಾಜ್ಯ’ ಎಂದು ಕಂಡರೆ 1973ರ ನವೆಂಬರಿಗಿಂತ ಮುಂಚಿನದು.

ಇನ್ನೊಂದು ಪರೀಕ್ಷೆ ಬೆರಳಿನದು. ಹಾಳೆಯ ಹಿಂಬದಿಯನ್ನು ಕಣ್ಣುಮುಚ್ಚಿ ಸವರು. ಮೊಳೆ ಜೋಡಿಸಿ ಅಚ್ಚುಮಾಡಿದ್ದಾದರೆ ಅಕ್ಷರಗಳು ಒತ್ತಿದ ಉಬ್ಬು ನವಿರಾಗಿ ತಾಗುತ್ತದೆ. ಆಫ್‌ಸೆಟ್‌ನಲ್ಲಿ ಮರುಮುದ್ರಿಸಿದ್ದಾದರೆ ಹಾಳೆ ಸಪಾಟು. ಕೊಳ್ಳುವ ಮೊದಲು ಪುಟಸಂಖ್ಯೆಗಳನ್ನು ಓಡಿಸಿ ನೋಡುವುದನ್ನು ಮರೆಯಬೇಡ, ಒಂದಿಡೀ ಫಾರಂ, ಅಂದರೆ ಒಟ್ಟಿಗೆ ಅಚ್ಚಾದ ಪುಟಗಳ ಕಟ್ಟು, ಬಿಟ್ಟುಹೋಗಿ ಇನ್ನೊಂದು ಎರಡೆರಡು ಸಲ ಹೊಲಿದಿರುವ ಪ್ರತಿಗಳು ಬೇಕಾದಷ್ಟಿವೆ. ಕಾರಂತರ ‘ಬಾಲಪ್ರಪಂಚ’ ಮೂರು ಸಂಪುಟಗಳದ್ದು. ಒಂದೇ ಸಿಕ್ಕರೂ ಬಿಡಬೇಡ, ಉಳಿದೆರಡಕ್ಕೆ ಕಾಯುವುದೂ ಒಂದು ಸುಖ. ಗ್ರಂಥಾಲಯದ ಮೊಹರಿದ್ದು, ವಿಲೇವಾರಿ ಮಾಡಿದ ಗುರುತು ಎಲ್ಲೂ ಇಲ್ಲದಿದ್ದರೆ ಕೆಳಗಿಟ್ಟುಬಿಡು. ಮನೆಗೆ ತಂದದ್ದನ್ನು ನೇರ ಕಪಾಟಿಗೆ ಸೇರಿಸದೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡು, ಹುಳ ಸಾಯುತ್ತದೆ.

ಬಟ್ಟೆಯ ಬಗ್ಗೆ ನಿಮ್ಮ ವಯಸ್ಸಿನವರಿಗೆ ನಾನು ಹೇಳಬೇಕಾದ್ದಿಲ್ಲ. ಹೊಲಿಗೆ ನೋಡು, ಕಂಕುಳ ನೋಡು, ಬಿಸಿನೀರಿನಲ್ಲಿ ಒಗೆ, ಮುಗಿಯಿತು. ಹೆಲ್ಮೆಟ್ಟು ಮಾತ್ರ ಹಳೆಯದು ಬೇಡ, ಒಮ್ಮೆ ಬಿದ್ದದ್ದರ ಒಳಬಿರುಕು ಹೊರಗೆ ಕಾಣುವುದಿಲ್ಲ. ಹಳೇ ಕುಕ್ಕರೂ ಬೇಡ.

ಬಿಲ್ಲಿಲ್ಲದ ಮೊಬೈಲಿನ ಹತ್ತಿರ ಸುಳಿಯಲೇಬೇಡ. ಆ ಬಜಾರಿಗೆ ಚೋರ್ ಎಂಬ ಹೆಸರು ಸುಮ್ಮನೆ ಬಂದಿಲ್ಲ. ಕದ್ದದ್ದೆಂದು ನಂಬಲು ಕಾರಣವಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೊಂಡವರನ್ನೂ ಹಿಡಿಯುತ್ತದೆ. ಎಲ್ಲಿಂದಲಾದರೂ ಹಳೇ ಫೋನು ಕೊಳ್ಳಲೇಬೇಕಾದರೆ *#06# ಒತ್ತಿ, ಬರುವ ಐಎಂಇಐ ಸಂಖ್ಯೆಯನ್ನು ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಹಾಕಿ ನೋಡು. ದೇವರ ಹಳೇ ವಿಗ್ರಹ, ತಾಳೆಗರಿ ಎಂದು ಯಾರಾದರೂ ಪಿಸುಮಾತಿನಲ್ಲಿ ಕರೆದರೆ ಅಲ್ಲಿಂದ ಕಾಲ್ತೆಗೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಎಪ್ಪತ್ತೈದು ದಾಟಿದ ಮಹತ್ವದ ಹಸ್ತಪ್ರತಿ ಪುರಾವಸ್ತುವಿನ ಲೆಕ್ಕ. ಅಮೆರಿಕದ ಗೆಳತಿಗೆ ಉಡುಗೊರೆ ಎಂದು ಕಳಿಸಿದರೂ ಅಪರಾಧವೇ.

ಚೌಕಾಸಿ ಮಾಡು, ಅದು ಆ ಜಾಗದ ಮರ್ಯಾದೆ. ಆದರೆ ಹಳಿದು ಬೆಲೆ ಇಳಿಸಬೇಡ. ‘ಇದೇನು ಭಾಯ್, ಬರೀ ಗುಜರಿ’ ಎನ್ನುವವರಿಗೆ ಒಳ್ಳೆಯ ಮಾಲು ಯಾರೂ ತೋರಿಸುವುದಿಲ್ಲ. ‘ಚೆನ್ನಾಗಿದೆ ಭಾಯ್, ನನ್ನ ಹತ್ತಿರ ಇರುವುದು ಇಷ್ಟು’ ಎಂದು ನೋಡು. ಒಪ್ಪಲಿಲ್ಲವೋ, ನಗುತ್ತ ಮುಂದೆ ಹೋಗು; ಬೇಕಿದ್ದರೆ ಅವರೇ ಕರೆಯುತ್ತಾರೆ. ಆ ಮನುಷ್ಯ ಊರೂರು ಸುತ್ತಿ, ಹೊತ್ತು ತಂದು, ಬಿಸಿಲಲ್ಲಿ ಕೂತವನು. ಹತ್ತು ರೂಪಾಯಿಗಾಗಿ ಅರ್ಧ ಗಂಟೆ ಅವನ ಗಂಟಲು ಒಣಗಿಸಿ, ಆಮೇಲೆ ಕಾಫಿಗೆ ಮುನ್ನೂರು ಕೊಡುವುದು ನನಗೆ ಅರ್ಥವಾಗದ ಲೆಕ್ಕ. ಮತ್ತೆ ಮತ್ತೆ ಅದೇ ಮುಖಕ್ಕೆ ಹೋಗು. ನಿನಗೇನು ಬೇಕೆಂದು ಗೊತ್ತಾದರೆ ತೆಗೆದಿಟ್ಟಿರುತ್ತಾರೆ.

ಬರಿಗೈಯಲ್ಲಿ ಬರುವ ಭಾನುವಾರಗಳೇ ಹೆಚ್ಚಿರುತ್ತವೆ, ಬೇಸರಪಡಬೇಡ. ಹತ್ತು, ಇಪ್ಪತ್ತರ ಚಿಲ್ಲರೆ ನೋಟು ಇಟ್ಟುಕೋ, ಎಲ್ಲರ ಹತ್ತಿರವೂ ಫೋನ್‌ಪೇ ಇರುವುದಿಲ್ಲ. ಪರ್ಸನ್ನು ಬ್ಯಾಗಿನ ಹಿಂದಿನ ಜೇಬಿನಲ್ಲಿಡಬೇಡ. ರಾತ್ರಿ ಮಳೆಯಾಗಿದ್ದರೆ ಪುಸ್ತಕದ ಆಸೆ ಬಿಟ್ಟು ಕಬ್ಬಿಣದ ಸಾಮಾನಿನ ಕಡೆ ನೋಡು. ಹಾಂ, ಬೀಡಿನ ದೋಸೆ ಕಾವಲಿ ಬಿರುಕಿಲ್ಲದ್ದು ಕಂಡರೆ ನನಗೊಂದು ಎತ್ತಿಡು. ದೊಡ್ಡಮ್ಮನಿಗೆ ಹೇಳಬೇಡ.