ಲಕ್ವ ಹೊಡೆದಾಗ ಮಿದುಳಿನೊಳಗೆ ಏನಾಗುತ್ತದೆ?

ಲಕ್ವ, ಅಂದರೆ ಪಾರ್ಶ್ವವಾಯು ಆದವರನ್ನು ಕರೆತಂದ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: 'ಮಿದುಳಿನಲ್ಲಿ ಎಷ್ಟು ಭಾಗ ಹೋಗಿದೆ ಡಾಕ್ಟರೇ, ಎಷ್ಟು ಉಳಿದಿದೆ?' ಇದೇ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಬಳಸಿರುವ ವಿಧಾನಗಳಲ್ಲಿ 'ಮ್ಯಾಗ್ನೆಟಿಕ್ ರೆಸೊನೆನ್ಸ್ ಸ್ಪೆಕ್ಟ್ರೋಸ್ಕೋಪಿ' (ಎಂ.ಆರ್.ಎಸ್.) ಒಂದು.

ಇದನ್ನು ಎಂ.ಆರ್.ಐ. ಯಂತ್ರದಲ್ಲಿಯೇ ಮಾಡುತ್ತಾರೆ. ಕ್ಷ-ಕಿರಣದ ಬಳಕೆ ಇಲ್ಲ, ನೋವೂ ಇಲ್ಲ. ಎಂ.ಆರ್.ಐ. ಮುಖ್ಯವಾಗಿ ಮಿದುಳಿನ ನೀರಿನಂಶದಿಂದ ಬರುವ ಸಂಕೇತಗಳಿಂದ ಚಿತ್ರ ರಚಿಸುತ್ತದೆ. ಎಂ.ಆರ್.ಎಸ್. ಅಲ್ಲಿರುವ ಇತರ ರಾಸಾಯನಿಕಗಳ ಸಂಕೇತಗಳನ್ನು ಬೇರ್ಪಡಿಸಿ ಅಳೆಯುತ್ತದೆ. ಪಕ್ಕದ ಕೋಣೆಯಲ್ಲಿ ಮಾತನಾಡುವವರನ್ನು ದನಿಯಿಂದಲೇ ಗುರುತಿಸುವ ಹಾಗೆ.

ಇವುಗಳಲ್ಲಿ ಎರಡು ಮುಖ್ಯ. ಮೊದಲನೆಯದು ಎನ್-ಅಸಿಟೈಲ್ ಆಸ್ಪಾರ್ಟೇಟ್. ಇದು ಹೆಚ್ಚಾಗಿ ನರಕೋಶಗಳಲ್ಲಿಯೇ ಇರುವುದರಿಂದ ಅವು ಸತ್ತಂತೆ ಇದರ ಪ್ರಮಾಣವೂ ಇಳಿಯುತ್ತದೆ. ಎರಡನೆಯದು ಲ್ಯಾಕ್ಟೇಟ್. ರಕ್ತ ಹರಿಯದೆ ಆಮ್ಲಜನಕದ ಕೊರತೆಯಾದಾಗ ಇದು ಏರುತ್ತದೆ.

ಪಾರ್ಶ್ವವಾಯುವಿನ ನಂತರ ಲ್ಯಾಕ್ಟೇಟ್ ಬೇಗನೆ ಏರುತ್ತದೆ. ಆದರೆ ಮೊದಲನೆಯ ವಸ್ತು ಒಮ್ಮೆಲೇ ಮಾಯವಾಗುವುದಿಲ್ಲ. ಗಂಟೆಗಳು, ಕೆಲವೊಮ್ಮೆ ದಿನಗಳ ಕಾಲ ಇಳಿಯುತ್ತಾ ಹೋಗುತ್ತದೆ. ಕೆಲವು ಭಾಗಗಳಲ್ಲಿ ಲ್ಯಾಕ್ಟೇಟ್ ಏರಿದ್ದರೂ ನರಕೋಶಗಳ ಗುರುತು ಇನ್ನೂ ಉಳಿದಿರುತ್ತದೆ. ಅಂದರೆ ಅಲ್ಲಿಯ ಕೋಶಗಳು ಹಸಿದಿವೆ, ಎಲ್ಲವೂ ಸತ್ತಿಲ್ಲ. ರಕ್ತ ಬೇಗ ಹರಿದರೆ ಅವುಗಳಲ್ಲಿ ಕೆಲವಾದರೂ ಉಳಿದಾವು.

ಹಾಗಾದರೆ ಎಲ್ಲ ರೋಗಿಗಳಿಗೂ ಈ ಪರೀಕ್ಷೆ ಬೇಕೆ? ಬೇಡ. ಇದಕ್ಕೆ ಸಮಯ ಹಿಡಿಯುತ್ತದೆ. ಮುಖ್ಯವಾಗಿ ಸಂಶೋಧನೆಗೆ ಉಪಯುಕ್ತ. ತುರ್ತಿನಲ್ಲಿ ಸಾಮಾನ್ಯವಾಗಿ ಸಿ.ಟಿ. ಸ್ಕ್ಯಾನ್ ಮೊದಲು. ರಕ್ತಸ್ರಾವವಾಗಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. 'ದೊಡ್ಡ ಸ್ಕ್ಯಾನ್ ಮಾಡಿಸಿ' ಎಂದು ಪಟ್ಟು ಹಿಡಿದು ಹೊತ್ತು ಕಳೆಯಬೇಡಿ.

ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬುದು 2006ರಲ್ಲಿ ಪ್ರಕಟವಾದ ಅಂದಾಜು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಯ್ದ ಕೆಲವರಿಗೆ 24 ಗಂಟೆಯವರೆಗೂ ನಾಳದೊಳಗಿನಿಂದ ಹೆಪ್ಪನ್ನು ತೆಗೆಯಬಹುದು. ಆದರೂ ಬೇಗ ಬಂದಷ್ಟೂ ಲಾಭ ಹೆಚ್ಚು.

ಆದ್ದರಿಂದ ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಹೀಗೆ ಮಾಡಿ:

* ರೋಗಿ ಕೊನೆಯ ಬಾರಿ ಸರಿಯಾಗಿದ್ದ ಸಮಯವನ್ನು ಬರೆದಿಡಿ.
* ಬಾಯಿಗೆ ನೀರು, ಆಹಾರ, ಮಾತ್ರೆ ಏನನ್ನೂ ಹಾಕಬೇಡಿ. ನಾಟಿ ಔಷಧಿಗೆಂದು ಊರೂರು ಅಲೆಯಬೇಡಿ.
* ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.

ಕೈಕಾಲಿನ ಶಕ್ತಿ ತಾನಾಗಿ ಮರಳಿದರೂ ಸುಮ್ಮನಿರಬೇಡಿ. ಅದು ಮುಂದೆ ಬರಲಿರುವ ದೊಡ್ಡ ಹೊಡೆತದ ಮುನ್ಸೂಚನೆ ಇರಬಹುದು. ಅಂದೇ ವೈದ್ಯರನ್ನು ಕಾಣಿರಿ.