ಹಿತಕಿದ ಬೇಳೆ, ಮರೆತ ಮೊಬೈಲ್

ಪ್ರಶ್ನೆ: ವರ್ತೂರಿನಲ್ಲಿದ್ದೇವೆ. ಇಬ್ಬರೂ ಐಟಿ ಉದ್ಯೋಗಿಗಳು. ಕ್ರಿಸ್‌ಮಸ್ ರಜೆ ಬಂದರೆ ಆರು ಮತ್ತು ಮೂರು ವರ್ಷದ ಮಕ್ಕಳು ಮೊಬೈಲ್ ಬಿಡುವುದೇ ಇಲ್ಲ. ಏನು ಮಾಡಲಿ?

ಉತ್ತರ: ಗಂಡ ಹೆಂಡತಿ ಒಟ್ಟಿಗೇ ರಜೆ ಹಾಕುವ ಬದಲು ದಿನ ಬಿಟ್ಟು ದಿನ ಹಂಚಿಕೊಳ್ಳಿ. ಮೂರರ ಮಗುವಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಮೊಬೈಲ್, ಟೀವಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಆದರೆ ಕಿತ್ತುಕೊಂಡರೆ ರಂಪವಾಗುತ್ತದೆ. ಕೈಗೆ ಬೇರೇನಾದರೂ ಕೊಡಬೇಕು.

ಕ್ರಿಸ್‌ಮಸ್ ಹೊತ್ತಿಗೆ ಸೊಗಡವರೆ ಕಾಲ. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ದೊಡ್ಡ ಮಗುವಿನ ಮುಂದಿಡಿ. ಎರಡು ಬೆರಳಲ್ಲಿ ಹಿತುಕಿದರೆ ಬೇಳೆ ಪುಳಕ್ಕನೆ ಚಿಮ್ಮುತ್ತದೆ, ನಗು ನಿಲ್ಲದು. ಚಿಕ್ಕದಕ್ಕೆ ಸಿಪ್ಪೆ ಗುಡ್ಡೆ ಹಾಕುವ ಕೆಲಸ. ಕಾಳು ಮೂಗಿಗೆ ಹೋಗದಂತೆ ಪಕ್ಕದಲ್ಲೇ ಕೂತಿರಿ.

25ರಂದು ಹಬ್ಬ ಮಾಡುವ ನೆರೆಮನೆಗೆ ಮಕ್ಕಳ ಕೈಯಲ್ಲೇ ಆ ಬೇಳೆಯ ಸಾರಿನ ಡಬ್ಬಿ ಕಳಿಸಿ. ಅದು ಬರಿದಾಗಿ ಬಾರದು, ಹಬ್ಬದ ತಿನಿಸು ಕುಲ್‌ಕುಲ್ ತುಂಬಿಕೊಂಡು ಬರುತ್ತದೆ.